ತಪ್ಪಲೆಯಲ್ಲಿ ನಿಂಬೆ ಗಿಡ

ದರ್ಜಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ನಾಲ್ಕು ಬೆರಳು.

ಅವನು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವನು. ಟೇಪು ಹಿಡಿದು ಮಗುವಿನ ಭುಜ, ಎದೆ, ಸೊಂಟ ಎಲ್ಲವನ್ನೂ ಶ್ರದ್ಧೆಯಿಂದ ಅಳೆಯುತ್ತಿದ್ದ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಬಟ್ಟೆಗೆ ಕತ್ತರಿ ಹಾಕುವಾಗ ಮಾತ್ರ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಸುತ್ತಲೂ ನಾಲ್ಕು ಬೆರಳು ಹೆಚ್ಚಿಗೆ ಬಿಡುತ್ತಿದ್ದ. ಯಾರಾದರೂ ಕೇಳಿದರೆ "ಇರಲಿ ಬಿಡಿ, ಬೆಳೆಯೋ ಮಗು" ಅನ್ನುತ್ತಿದ್ದ. ಅವನು ಹೊಲಿದ ಅಂಗಿಯೊಳಗೆ ಮಗು ಇದೆಯೋ ಇಲ್ಲವೋ ಅನ್ನುವುದನ್ನು ಕೆಲವು ಸಲ ಹೆಸರು ಹಿಡಿದು ಕೂಗಿಯೇ ಖಾತ್ರಿ ಮಾಡಿಕೊಳ್ಳಬೇಕಾಗಿತ್ತು. ಬೀದಿಯವರು ಅವನಿಗೆ ನಾಲ್ಕು ಬೆರಳಿನ ದರ್ಜಿ ಅಂತಲೇ ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ.

ಆದರೆ ಹುಟ್ಟುಗುಣ ಹೊಲಿಗೆಯಲ್ಲಿ ಮಾತ್ರ ಇರುತ್ತದೆಯೇ? ರಜ ಶುರುವಾದಾಗ ಶಾಲೆಯ ಹೆಡ್‌ಮೇಡಂ ಮಗಳ ಮನೆಗೆ ಹೊರಟವರು ತಮ್ಮ ನಿಂಬೆ ಗಿಡವನ್ನು ದರ್ಜಿಯ ಹೆಂಡತಿಯ ಕೈಗೆ ಕೊಟ್ಟು, ನೋಡಿಕೊಳ್ಳಿ ಅಂದಿದ್ದರು. ಗೇಣುದ್ದದ ಗಿಡ, ಬೊಗಸೆಯಲ್ಲಿ ಹಿಡಿಯುವಷ್ಟು ಕುಂಡ. ಮೇಡಂ ತಾವೇ ಬೀಜ ಹಾಕಿ ಎಬ್ಬಿಸಿದ್ದು. ದರ್ಜಿಯ ಹೆಂಡತಿ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಅಷ್ಟರಲ್ಲಿ ಅವಳ ಅಕ್ಕನಿಗೆ ಹೆರಿಗೆಯಾಯಿತು. ಅವಳು ಬಾಣಂತನಕ್ಕೆ ಅಂತ ಹೊರಡುವಾಗ ಮನೆಯ ಕುಕ್ಕರನ್ನೂ ಜೊತೆಗೆ ಒಯ್ದಳು, ಗಂಡನಿಗೆ ಒಂದೇ ಒಂದು ಮಾತು ಹೇಳಿ ಹೋದಳು: ದಿನ ಬಿಟ್ಟು ದಿನ ಅರ್ಧ ಲೋಟ ನೀರು ಹಾಕಿ, ಮಿಕ್ಕಂತೆ ಗಿಡದ ತಂಟೆಗೆ ಹೋಗಬೇಡಿ.

ದರ್ಜಿ ಎರಡು ದಿನ ತಂಟೆಗೆ ಹೋಗಲಿಲ್ಲ. ಮೂರನೆಯ ದಿನ ಅವನಿಗೆ ಗಿಡವನ್ನು ಕಂಡು ಕರುಳು ಚುರುಕ್ ಅಂದಿತು. ಇಷ್ಟು ಬಿಗಿಯಾದ ಕುಂಡದಲ್ಲಿ ಪಾಪದ್ದು ಹೇಗೆ ಬೆಳೆದೀತು ಅನ್ನಿಸಿತು. ಅಂಗಡಿಯಲ್ಲಿ ಅವನ ಹತ್ತಿರ ದೊಡ್ಡದೊಂದು ಟಬ್ ಇತ್ತು. ಕತ್ತರಿಸುವ ಮೊದಲೇ ಕುಗ್ಗುವುದೆಲ್ಲ ಕುಗ್ಗಿ ಹೋಗಲಿ ಅಂತ ಹತ್ತಿ ಬಟ್ಟೆಯನ್ನು ಅವನು ಅದರಲ್ಲಿ ನೆನೆಹಾಕುತ್ತಿದ್ದ. ಅದಕ್ಕೆ ನಾಲ್ಕು ಬುಟ್ಟಿ ಮಣ್ಣು ತುಂಬಿ, ನಟ್ಟನಡುವೆ ಗಿಡವನ್ನು ನೆಟ್ಟ. ಕೀಳುವಾಗ ಹಳೆಯ ಕುಂಡ ಎರಡು ಹೋಳಾಯಿತು. ಟಬ್ ದೊಡ್ಡದಾದ ಮೇಲೆ ನೀರೂ ದೊಡ್ಡ ಲೆಕ್ಕದಲ್ಲೇ ಇರಬೇಕಲ್ಲ ಅಂತ ದಿನಕ್ಕೊಂದು ಬಕೆಟ್ ಸುರಿದ. ಹತ್ತು ದಿನ ಹೀಗೆ ನಡೆಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಂತು.

"ಮಾಸ್ಟ್ರೇ, ನಾನು ವಾಪಸ್ ಬಂದೆ. ಮಧ್ಯಾಹ್ನ ಬಂದು ಗಿಡ ತಗೊಂಡು ಹೋಗ್ತೀನಿ. ಹಾಗೇ ನಿಮ್ಮ ಹತ್ತಿರ ಯೂನಿಫಾರ್ಮಿನ ಅಳತೆ ವಿಷಯ ಸ್ವಲ್ಪ ಕೂತು ಮಾತಾಡೋದಿದೆ," ಅಂದರು ಹೆಡ್‌ಮೇಡಂ.

ಹೆದರಿದಾಗ ದರ್ಜಿಯ ನಾಲಿಗೆ ಅವನನ್ನು ಕೇಳದೆ ಓಡುತ್ತಿತ್ತು. "ಊಟಕ್ಕೇ ಬನ್ನಿ ಮೇಡಂ," ಅಂದುಬಿಟ್ಟ. ಮೇಡಂ ಸಂತೋಷದಿಂದ ಒಂದು ಗಂಟೆಗೆ ಬರುತ್ತೇನೆ ಅಂದರು. ಫೋನು ಇಟ್ಟ ಮೇಲೆ ಅವನಿಗೆ ಒಂದೊಂದೇ ನೆನಪಾಯಿತು. ಹೆಂಡತಿ ಊರಲ್ಲಿಲ್ಲ. ತನಗೆ ಅಡುಗೆ ಬರುವುದಿಲ್ಲ. ಇಷ್ಟು ದಿನ ಹೊಟ್ಟೆ ಹೊರೆದಿದ್ದ ಬಸ್ ನಿಲ್ದಾಣದ ಕ್ಯಾಂಟೀನಿಗೆ ಇವತ್ತು ವಾರದ ರಜ. ಬೀದಿಯ ಅಂಗಡಿಗಳಿಗೂ ರಜ.

ಇದು ಬರೀ ಊಟದ ಪ್ರಶ್ನೆಯಾಗಿದ್ದರೆ ಹೊಟ್ಟೆನೋವು ಅಂತ ಏನಾದರೂ ನೆಪ ಹೇಳಬಹುದಿತ್ತು. ಶಾಲೆಯಲ್ಲಿ ಮುನ್ನೂರು ಮಕ್ಕಳು. ಆ ಮುನ್ನೂರು ಜೊತೆ ಯೂನಿಫಾರ್ಮಿನ ಆರ್ಡರ್ ಸಿಕ್ಕರೆ ಅವನ ವರ್ಷ ನಡೆಯುತ್ತಿತ್ತು, ಸಿಗದಿದ್ದರೆ ಇಲ್ಲ. ಎದುರುಗಡೆ ಸಿದ್ಧ ಉಡುಪಿನ ಅಂಗಡಿ ಬಂದಾಗಿನಿಂದ ಅವನ ಪಾಲಿಗೆ ಉಳಿದಿದ್ದು ಹರಿದ ಜಿಪ್ಪು, ಬಿಚ್ಚಿದ ಅಂಚು, ಕಿತ್ತ ಗುಂಡಿ. ಆರ್ಡರ್ ಬಂದರೆ ನಿನಗೊಂದು ಮಿಷನ್ ತರುತ್ತೇನೆ, ಇಬ್ಬರೂ ಕೂತು ಹೊಲಿಯೋಣ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಅವಳು ಮಿಷನ್ ಇಡಲು ಕಿಟಕಿ ಪಕ್ಕದಲ್ಲಿ ಜಾಗವನ್ನೂ ಖಾಲಿ ಮಾಡಿಟ್ಟಿದ್ದಳು. ಆ ಖಾಲಿ ಜಾಗವನ್ನು ನೋಡಿದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು.

ಅವನು ಮೊದಲು ಹಿತ್ತಲಿಗೆ ಓಡಿದ. ಟಬ್ಬಿನ ನಡುವೆ ನಿಂಬೆ ಗಿಡ ತಲೆ ಬಗ್ಗಿಸಿ ನಿಂತಿತ್ತು. ಇದ್ದ ಹದಿನಾರು ಎಲೆಗಳಲ್ಲಿ ಒಂಬತ್ತು ಹಳದಿ. ಮಣ್ಣಿನ ಮೇಲೆ ನೀರು ನಿಂತು, ಅದರಲ್ಲಿ ಆಕಾಶ ಕಾಣುತ್ತಿತ್ತು.

"ಏನಪ್ಪಾ, ಗಿಡ ನೆಟ್ಟಿದ್ದೀಯೋ, ಮುಳುಗಿಸಿದ್ದೀಯೋ?" ಅಂತ ಮೇಲಿನಿಂದ ದನಿ ಬಂತು.

ಅದು ಮಹಡಿ ಮನೆಯ ಸರ್ವೇ ತಾತ. ಮೂವತ್ತು ವರ್ಷ ಊರೂರು ಸುತ್ತಿ ಜಮೀನು ಅಳೆದು ನಿವೃತ್ತರಾದವರು. ಈಗ ಅಳೆಯಲು ಜಮೀನಿಲ್ಲದೆ ಬೀದಿಯವರ ಬದುಕನ್ನು ಅಳೆಯುತ್ತಿದ್ದರು. ಟೇಪು ಮಾತ್ರ ಇನ್ನೂ ಜೇಬಿನಲ್ಲೇ ಇತ್ತು. ಯಾರೂ ಕರೆಯದೆ ಇದ್ದರೂ ಮೆಟ್ಟಿಲಿಳಿದು ಬಂದರು, ಗಿಡವನ್ನು ಬುಡ ಸಮೇತ ಮೆಲ್ಲಗೆ ಎತ್ತಿದರು. ಬೇರು ಕಂದು ಬಣ್ಣಕ್ಕೆ ತಿರುಗಿ, ನೆನೆದ ದಾರದ ಹಾಗೆ ಜೋತು ಬಿದ್ದಿತ್ತು.

"ಈ ಬೇರು ಕುಡಿಯೋದು ಅರ್ಧ ಲೋಟ. ನೀನು ಹಾಕಿರೋದು ಬಕೆಟ್ಟು. ಮಿಕ್ಕಿದ ನೀರು ಎಲ್ಲಿಗೆ ಹೋಗ್ಬೇಕು? ಟಬ್ಬಿಗೆ ಒಂದು ತೂತೂ ಇಲ್ಲ. ಬೇರು ಕೊಳೀತಿದೆ ಕಣಪ್ಪ."

"ಬೆಳೆಯೋ ಗಿಡ ಅಂತ ಸ್ವಲ್ಪ ಜಾಗ ಬಿಟ್ಟೆ ತಾತ."

"ಜಾಗ ಬಿಟ್ಟ ಮಾತ್ರಕ್ಕೆ ಬೆಳೆಯೋದಾಗಿದ್ರೆ ಮೈದಾನದಲ್ಲಿ ನಿಂತಿರೋ ಕಂಬವೂ ಬೆಳೀಬೇಕಿತ್ತು. ಬೇರಿನ ಸುತ್ತ ಒಂದು ಬೆರಳು ಜಾಗ, ಅಷ್ಟೇ. ಅದು ತುಂಬಿದ ಮೇಲೆ ಮುಂದಿನ ಅಳತೆ ಕುಂಡ."

ಒಂದು ಬೆರಳು ಅನ್ನುವ ಮಾತು ದರ್ಜಿಯ ಕಿವಿಗೆ ಹೊಸದು. ಅವನು ಬೆವರುತ್ತಾ ಮೇಡಂ ಬರುವ ಸಂಗತಿ ಹೇಳಿದ. ಅಳತೆ ವಿಷಯ ಮಾತಾಡುವುದಿದೆ ಅಂದಿದ್ದನ್ನೂ ಹೇಳಿದ. ತಾತ ಕಣ್ಣು ಮುಚ್ಚಿ ತಲೆಯಾಡಿಸಿದರು. ಕಳೆದ ವರ್ಷ ಶಾಲೆಯಲ್ಲಿ ಮಕ್ಕಳ ಕವಾಯತು ಇದ್ದಾಗ ನಾನೇ ಕಣ್ಣಾರೆ ನೋಡಿದೆ, ಮಕ್ಕಳು ಎಡಕ್ಕೆ ತಿರುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂಗಿಗಳು ತಿರುಗಿದವು, ಆವತ್ತೇ ಅಂದುಕೊಂಡೆ ಇದು ದೂರಿಗೆ ಹೋಗುತ್ತದೆ ಅಂತ, ಅಂದರು. ಮೇಡಂ ಬರುತ್ತಿರುವುದು ಊಟಕ್ಕಲ್ಲ, ಪರೀಕ್ಷೆಗೆ. ಇವತ್ತು ಈ ಮನೆಯಲ್ಲಿ ಎಲ್ಲವೂ ಅಳತೆಗೆ ಸರಿಯಾಗಿ ಇರಬೇಕು, ಒಂದು ಗುಲಗಂಜಿಯೂ ಹೆಚ್ಚಿಲ್ಲ, ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಆಗ ಮಾತ್ರ ಆರ್ಡರ್ ಉಳಿದೀತು ಅಂತ ತೀರ್ಪು ಕೊಟ್ಟರು.

ದರ್ಜಿ ಆ ಕ್ಷಣಕ್ಕೇ ಮತಾಂತರವಾದ. ಇಪ್ಪತ್ತು ವರ್ಷದ ನಾಲ್ಕು ಬೆರಳಿಗೆ ಎಳ್ಳುನೀರು ಬಿಟ್ಟ.

ಕೊಳೆತ ಬೇರು ಕತ್ತರಿಸಲು ತಾತ ಬಟ್ಟೆ ಕತ್ತರಿ ಕೇಳಿದರು. ದರ್ಜಿಯ ಹತ್ತಿರ ಬಟ್ಟೆ ಕತ್ತರಿ ಕೇಳುವುದೂ ಅವನ ಹಲ್ಲು ಕೇಳುವುದೂ ಒಂದೇ. ಅಂಥ ಹೊತ್ತಿನಲ್ಲೂ ಅವನು ಅದನ್ನು ಕೊಡದೆ ದಾರ ಕತ್ತರಿಸುವ ಪುಟ್ಟ ಕತ್ತರಿ ಕೊಟ್ಟ. ತಾತ ಕೊಳೆತದ್ದನ್ನೆಲ್ಲ ಕತ್ತರಿಸಿದರು, ಹಳದಿ ಎಲೆ ಕಿತ್ತರು, ಉಳಿದ ಬೇರಿಗೆ ಟೇಪು ಹಿಡಿದರು, ಸುತ್ತಲೂ ಒಂದು ಬೆರಳು ಕೂಡಿಸಿದರು. ಈಗ ಆ ಅಳತೆಯ ಕುಂಡ ಬೇಕು. ಹಳೆಯದು ಒಡೆದಿದೆ, ಅಂಗಡಿ ಮುಚ್ಚಿದೆ. ಇಬ್ಬರೂ ಮನೆಯೆಲ್ಲ ಹುಡುಕಿದರು. ಗುಂಡಿ ಡಬ್ಬಿ ಚಿಕ್ಕದಾಯಿತು. ಕಸದ ಬುಟ್ಟಿ ದೊಡ್ಡದಾಯಿತು. ಕೊನೆಗೆ ಅಡುಗೆಮನೆಯ ಗೂಡಿನಲ್ಲಿ ಹೆಂಡತಿಯ ಅಲ್ಯೂಮಿನಿಯಂ ತಪ್ಪಲೆ ಕಂಡಿತು. ತಾತ ಟೇಪು ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ದರ್ಜಿ ತಪ್ಪಲೆಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಅದು ಅವಳು ದಿನಾ ಅನ್ನ ಮಾಡುವ ತಪ್ಪಲೆ ಅನ್ನುವುದು ಅವನಿಗೆ ಗೊತ್ತಿತ್ತು. ಆದರೆ ಗಿಡ ಸತ್ತರೆ ಆರ್ಡರ್ ಸತ್ತಂತೆ, ಆರ್ಡರ್ ಸತ್ತರೆ ಅವಳ ಮಿಷನ್ ಸತ್ತಂತೆ. ಮೊಳೆ ಇಟ್ಟು, ಸುತ್ತಿಗೆ ಎತ್ತಿ, ತಳಕ್ಕೆ ಐದು ತೂತು ಹೊಡೆದ. ಹೊಸ ಮಣ್ಣು ಹಾಕಿ ಗಿಡ ಕೂರಿಸಿದಾಗ ಅದು ಸೊಂಟಕ್ಕೆ ಪಟ್ಟಿ ಬಿಗಿದವರ ಹಾಗೆ ನೆಟ್ಟಗೆ ನಿಂತಿತು. ಏಳೇ ಎಲೆ ಉಳಿದಿದ್ದರೂ ಏಳೂ ಹಸಿರು. ತಾತ ತಮಗೂ ಒಂದು ಗಂಟೆಗೆ ಊಟ ಇಲ್ಲೇ ಅಂತ ಹೇಳಿ ಮೇಲೆ ಹೋದರು.

ಅಡುಗೆ ಶುರುವಾದದ್ದು ಹನ್ನೊಂದಕ್ಕೆ. ಮನೆಯಲ್ಲಿ ಈಗ ಉಳಿದಿದ್ದು ಎರಡೇ ಪಾತ್ರೆ, ಹಾಲು ಕಾಯಿಸುವ ಚಿಕ್ಕ ಪಾತ್ರೆ ಮತ್ತು ಅಟ್ಟದ ಮೇಲಿನ ಕೊಳಗ. ಆ ಕೊಳಗದೊಳಗೆ ಮೂರು ಕಂಬಳಿ, ಎರಡು ದಿಂಬು ಇಟ್ಟಿದ್ದರು, ಇನ್ನೂ ಜಾಗವಿತ್ತು. ಮುಂಚಿನ ದರ್ಜಿಯಾಗಿದ್ದರೆ ಕೊಳಗವನ್ನೇ ಇಳಿಸುತ್ತಿದ್ದ. ಮತಾಂತರವಾದ ದರ್ಜಿ ಹಾಲಿನ ಪಾತ್ರೆ ತೆಗೆದುಕೊಂಡ. ಅಕ್ಕಿ, ತರಕಾರಿ ಎಲ್ಲ ಒಟ್ಟಿಗೆ ಹಾಕಿ ಬೇಯಿಸಿದರೆ ಊಟವಾಗುತ್ತದೆ ಅನ್ನುವಷ್ಟು ಅವನಿಗೆ ತಿಳಿದಿತ್ತು. ಎರಡು ಲೋಟ ಅಕ್ಕಿ, ಹೆಚ್ಚಿದ ಕ್ಯಾರೆಟ್ಟು, ನೀರು. ಎಲ್ಲವೂ ಪಾತ್ರೆಯ ಅಂಚಿಗೆ ಸರಿಯಾಗಿ ನಿಂತಿತು. ಒಂದು ಬೆರಳಲ್ಲ, ಒಂದು ಉಗುರೂ ಜಾಗವಿಲ್ಲ. ಅವನಿಗೆ ತನ್ನ ಮೇಲೆ ತನಗೇ ಮೆಚ್ಚುಗೆಯಾಯಿತು. ಮುಚ್ಚಳ ಮುಚ್ಚಿ, ಒಲೆ ಹಚ್ಚಿ, ಅಂಗಡಿ ಗುಡಿಸಲು ಹೋದ.

ವಾಪಸ್ ಬಂದಾಗ ಮುಚ್ಚಳ ನೆಲದ ಮೇಲಿತ್ತು. ಅನ್ನ ಪಾತ್ರೆ ಬಿಟ್ಟು ಹೊರಗೆ ಬರುತ್ತಿತ್ತು. ಗಂಜಿ ಹರಿದು ಒಲೆ ಆರಿತ್ತು, ಗ್ಯಾಸಿನ ವಾಸನೆ ಹರಡಿತ್ತು. ಅವನು ಓಡಿ ಹೋಗಿ ಒಲೆ ಆಫ್ ಮಾಡಿ, ಕಿಟಕಿ ತೆಗೆದು, ಉಕ್ಕಿದ ಅಕ್ಕಿಯನ್ನು ಸೌಟಿನಿಂದ ಲೋಟಕ್ಕೆ ತುಂಬಿದ. ಲೋಟ ತುಂಬಿತು. ಇನ್ನೊಂದು ಲೋಟಕ್ಕೆ ತುಂಬಿದ. ಅದೂ ತುಂಬಿತು.

ವಾಸನೆ ಹಿಡಿದು ಪಕ್ಕದ ಮನೆಯ ಸಿಸ್ಟರ್ ಬಂದಳು. ಆಸ್ಪತ್ರೆಯಲ್ಲಿ ನರ್ಸ್, ಒಂಟಿ ಜೀವ. ರೋಗಿಗಳ ಮೇಲೆ ನಡೆಸುವ ದರ್ಬಾರನ್ನು ರಜದ ದಿನ ಬೀದಿಯ ಮೇಲೆ ನಡೆಸುತ್ತಿದ್ದಳು. ಒಲೆಯನ್ನೂ ಲೋಟಗಳನ್ನೂ ದರ್ಜಿಯ ಮುಖವನ್ನೂ ಒಂದು ಸುತ್ತು ನೋಡಿದಳು.

"ಅಣ್ಣ, ಅಕ್ಕಿ ಬೆಂದ್ರೆ ಮೂರರಷ್ಟಾಗುತ್ತೆ. ಅದು ಬೆಳೆಯೋಕೆ ಜಾಗ ಬೇಡ್ವಾ?"

ದರ್ಜಿ ಅಲ್ಲೇ ಮಣೆಯ ಮೇಲೆ ಕುಸಿದು ಕೂತ. "ಗಿಡಕ್ಕೆ ಜಾಗ ಬಿಡಬಾರದಂತೆ, ಅಕ್ಕಿಗೆ ಬಿಡಬೇಕಂತೆ. ಯಾವುದಕ್ಕೆ ಎಷ್ಟು ಬಿಡಬೇಕು ಅಂತ ಯಾರಾದರೂ ಒಂದು ಕಡೆ ಬರೆದಿಡಬಾರದಾ ಸಿಸ್ಟರ್?"

ಅವನ ದನಿಯಲ್ಲಿ ಅಳು ಇತ್ತು. ಸಿಸ್ಟರಿಗೆ ಮರುಕ ಬಂತು. ಅವಳ ಮನೆಯಲ್ಲಿದ್ದುದು ಒಬ್ಬಳಿಗೆ ಆಗುವಷ್ಟು ಪಾತ್ರೆ, ತಾತನಿಗೆ ಊಟ ಬರುತ್ತಿದ್ದುದು ಮಗಳ ಮನೆಯಿಂದ ಡಬ್ಬಿಯಲ್ಲಿ. ಬೇರೆ ದಾರಿ ಇಲ್ಲದೆ ಅಟ್ಟದಿಂದ ಕೊಳಗ ಇಳಿಯಿತು, ಕಂಬಳಿ ದಿಂಬು ಮಂಚಕ್ಕೆ ಹೋದವು. ಹಾಲಿನ ಪಾತ್ರೆಯದನ್ನೂ ಲೋಟದ್ದನ್ನೂ ಕೊಳಗಕ್ಕೆ ಸುರಿದರೆ ಅದು ತಳದಲ್ಲಿ ತೆಳ್ಳಗೆ ಹಾಸಿಕೊಂಡಿತು. ಒಲೆಯ ಉರಿ ನಡುವೆ ಮಾತ್ರ ತಾಗುತ್ತಿತ್ತು. ಐದು ನಿಮಿಷದಲ್ಲಿ ನಡುವೆ ಸೀದು ಹೊಗೆ ಎದ್ದಿತು, ಅಂಚಿನಲ್ಲಿ ಅಕ್ಕಿ ಹಾಗೇ ಹಸಿಯಾಗಿತ್ತು.

ದೊಡ್ಡ ಪಾತ್ರೆ ಅರ್ಧವಾದರೂ ತುಂಬದಿದ್ದರೆ ತಳ ಹಿಡಿಯುತ್ತದೆ ಅಂತ ಸಿಸ್ಟರ್ ರೋಗ ಪತ್ತೆ ಮಾಡಿದಳು. ಮದ್ದೂ ಅವಳದ್ದೇ. ಡಬ್ಬದಲ್ಲಿದ್ದ ಅಕ್ಕಿಯೆಲ್ಲ ಬಿತ್ತು. ಅವಳ ಮನೆಯ ಬೇಳೆ ಬಿತ್ತು. ಮಹಡಿಯಿಂದ ತಾತ ಮಗಳ ಮನೆಗೆ ಅಂತ ಕೊಂಡಿಟ್ಟಿದ್ದ ವಾರದ ತರಕಾರಿ ತಂದರು, ತಂದವರೇ ದರ್ಜಿಯ ಕೈಯಿಂದ ಒಂದೊಂದು ಬೀನ್ಸನ್ನೂ ಒಂದೇ ಉದ್ದಕ್ಕೆ ಹೆಚ್ಚಿಸಿದರು. ಎರಡು ಬಿಂದಿಗೆ ನೀರು ಹೋಯಿತು. ಹನ್ನೆರಡೂ ಮುಕ್ಕಾಲಿಗೆ ಮುಚ್ಚಳ ತೆಗೆದಾಗ ಕೊಳಗ ಕಂಠಪೂರ್ತಿ ತುಂಬಿ, ಮೂವತ್ತು ಜನ ಉಂಡು ಮಿಗುವಷ್ಟು ತರಕಾರಿ ಅನ್ನ ಹಬೆಯಾಡುತ್ತಿತ್ತು.

"ಪರವಾಗಿಲ್ಲ, ಬೆಂದಿದೆ," ಅಂದಳು ಸಿಸ್ಟರ್.

"ಬೆಂದಿರೋದಲ್ಲ ಪ್ರಶ್ನೆ," ಅಂದರು ತಾತ. "ನಾಲ್ಕು ಜನಕ್ಕೆ ಮೂವತ್ತು ಜನದ ಅಡುಗೆ. ಇದನ್ನ ನೋಡಿದ್ರೆ ಮೇಡಂ, ಇವನ ಅಳತೆ ಅಡುಗೆಮನೇಲೂ ಹೀಗೇನೇ ಅಂತಾರೆ."

ಗಡಿಯಾರ ನೋಡಿದರು. ಬಚ್ಚಿಡಬೇಕು. ಮಂಚದ ಕೆಳಗೆ ಕೊಳಗ ಹಿಡಿಸಲಿಲ್ಲ. ಹಿತ್ತಲಲ್ಲಿ ಟಬ್ಬು, ಕೆಸರು. ಉಳಿದಿದ್ದು ಒಂದೇ ಜಾಗ. ಮುಂದಿನ ಕೋಣೆಯೇ ಅವನ ಅಂಗಡಿ, ಅದರ ಮೂಲೆಯಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಟ್ರಯಲ್ ರೂಮು. ಮೂವರೂ ಸೇರಿ ಕೊಳಗವನ್ನು ಅಲ್ಲಿಗೆ ಎಳೆದು, ಪರದೆ ಎಳೆದರು. ಒಂದು ಸ್ಟೀಲ್ ಬಟ್ಟಲಿಗೆ ನಾಲ್ಕೇ ನಾಲ್ಕು ಜನಕ್ಕೆ ಆಗುವಷ್ಟು ತೆಗೆದಿಟ್ಟುಕೊಂಡರು. ದರ್ಜಿ ಮುಖ ತೊಳೆದು ಅಂಗಿ ಬದಲಾಯಿಸುವ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮೇಡಂ ನಿಂತಿದ್ದರು.

ಮೇಡಂ ದಪ್ಪ ಕನ್ನಡಕದ, ಮೆಲುಮಾತಿನ ಹೆಂಗಸು. ಅವರ ಮೆಲುಮಾತಿಗೆ ಇಡೀ ಶಾಲೆ ಹೆದರುತ್ತಿತ್ತು. ಒಳಗೆ ಬಂದವರೇ ನೇರವಾಗಿ ಕಿಟಕಿ ಪಕ್ಕದ ಖಾಲಿ ಜಾಗದಲ್ಲಿಟ್ಟಿದ್ದ ಗಿಡದ ಹತ್ತಿರ ಹೋದರು. ಎಲೆ ಮುಟ್ಟಿದರು, ತಪ್ಪಲೆ ಮುಟ್ಟಿದರು. ಇದೇನು ತಪ್ಪಲೆಯಲ್ಲಿ ಅಂತ ಕೇಳಿದರು. ದರ್ಜಿಗೆ ಬೇಕಾಗಿದ್ದೂ ಅದೇ ಪ್ರಶ್ನೆ.

"ಬೇರು ತುಂಬಿಕೊಂಡಿತ್ತು ಮೇಡಂ. ಮುಂದಿನ ಅಳತೆಗೆ ಹಾಕಿದೆ. ಎಷ್ಟೋ ಜನ ಬೆಳೆಯೋ ಗಿಡ ಅಂತ ದೊಡ್ಡ ದೊಡ್ಡ ಟಬ್ಬಿಗೆ ಹಾಕಿಬಿಡ್ತಾರೆ. ತಿಳಿವಳಿಕೆ ಇಲ್ಲ. ಬೇರಿನ ಸುತ್ತ ಒಂದು ಬೆರಳು, ಅಷ್ಟೇ. ಅದಕ್ಕಿಂತ ಹೆಚ್ಚು ಬಿಟ್ರೆ ಕೊಳೆತುಹೋಗುತ್ತೆ. ಗಿಡಕ್ಕಾದ್ರೂ ಅಷ್ಟೇ, ಮಕ್ಕಳಿಗಾದ್ರೂ ಅಷ್ಟೇ."

"ಮಕ್ಕಳಿಗೂನಾ?"

"ಬಟ್ಟೆ ವಿಷಯದಲ್ಲಿ ಹೇಳಿದೆ ಮೇಡಂ."

ಸ್ಟೂಲಿನ ಮೇಲೆ ಕೂತಿದ್ದ ತಾತ ಈ ಮಾತನ್ನು ಮೊದಲ ಸಲ ಕೇಳಿದವರ ಹಾಗೆ ಭೇಷ್ ಅಂದರು. ಮೇಡಂ ಕನ್ನಡಕ ಒರೆಸಿಕೊಂಡರು. ದರ್ಜಿಗೆ ಮೊದಲ ಪೇಪರ್ ಪಾಸಾದಂತೆ ಕಂಡಿತು.

ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಊಟ. ಸಿಸ್ಟರ್ ನಾಲ್ಕು ತಟ್ಟೆಗೆ ಬಟ್ಟಲಿನ ಅನ್ನವನ್ನು ಸಮನಾಗಿ ಬಡಿಸಿದಳು, ಬಟ್ಟಲು ಖಾಲಿಯಾಯಿತು. ದರ್ಜಿ ಆ ಖಾಲಿ ಬಟ್ಟಲನ್ನು ಮೇಡಂಗೆ ಕಾಣುವಂತೆ ಎದುರಿಗಿಟ್ಟ. ನಮ್ಮ ಮನೆಯಲ್ಲಿ ಒಂದು ಅಗುಳು ಮಿಗುವುದಿಲ್ಲ, ಒಂದು ಅಗುಳು ಸಾಲದೆ ಬರುವುದಿಲ್ಲ ಅಂತ ಸೇರಿಸಿದ. ಮೇಡಂ ಒಂದು ತುತ್ತು ಬಾಯಿಗಿಟ್ಟು, ಚೆನ್ನಾಗಿದೆ, ಸ್ವಲ್ಪ ಹೊಗೆ ಹಿಡಿದ ರುಚಿ ಇದೆಯಲ್ಲ, ನನ್ನ ತಾಯಿ ಸೌದೆ ಒಲೆಯಲ್ಲಿ ಮಾಡುತ್ತಿದ್ದ ಹಾಗೇ ಇದೆ ಅಂದರು. ಇನ್ನೂ ಸ್ವಲ್ಪ ಸಿಗುತ್ತಾ ಅನ್ನುವಂತೆ ಬಟ್ಟಲ ಕಡೆ ನೋಡಿದರು. ನಾಲ್ಕು ಹೆಜ್ಜೆ ಆಚೆ ಮೂವತ್ತು ಜನದ ಅನ್ನ ಇಟ್ಟುಕೊಂಡು ಮೂವರೂ ತಲೆ ತಗ್ಗಿಸಿದರು.

ಆಗ ಮೇಡಂ ಕಣ್ಣು ಟ್ರಯಲ್ ರೂಮಿನ ಕಡೆ ಹೋಯಿತು. ಪರದೆ ಅಲ್ಲಾಡುತ್ತಿತ್ತು, ಮೇಲಿನಿಂದ ಹಬೆ ಏಳುತ್ತಿತ್ತು.

"ಅಲ್ಲಿ ಯಾರಿದ್ದಾರೆ?"

"ಒಬ್ಬರು ಗಿರಾಕಿ ಮೇಡಂ. ಪ್ಯಾಂಟು ಹಾಕಿ ನೋಡ್ತಿದ್ದಾರೆ," ಅಂದ ದರ್ಜಿ.

"ನಾನು ಬಂದು ಅರ್ಧ ಗಂಟೆ ಆಯ್ತು. ಇನ್ನೂ ಹಾಕ್ತಾನೇ ಇದ್ದಾರಾ?"

ಸಿಸ್ಟರ್ ದರ್ಜಿಯ ನೆರವಿಗೆ ಬಂದಳು. ಅಣ್ಣ ಈಗ ಅಷ್ಟು ಅಳತೆಗೆ ಸರಿಯಾಗಿ ಹೊಲೀತಾರೆ ಮೇಡಂ, ಹಾಕೋಕೆ ಸ್ವಲ್ಪ ಹೊತ್ತಾಗುತ್ತೆ, ಅಂದಳು. ಬೆವರು ಹಬೆಯಾಗಿ ಬರುತ್ತಿರೋದು ಅದಕ್ಕೇ ಅಂತ ತಾತ ತಮ್ಮದೂ ಒಂದು ಕೂಡಿಸಿದರು. ದರ್ಜಿಗೆ ಧೈರ್ಯ ಬಂತು. ನಾಲ್ಕು ಬೆರಳಿನ ಕಾಲ ಮುಗಿಯಿತು ಮೇಡಂ, ಈಗ ನನ್ನ ಕತ್ತರಿ ಪುಸ್ತಕದಲ್ಲಿರುವ ಅಳತೆ ಬಿಟ್ಟು ಅತ್ತಿತ್ತ ಹೋಗುವುದಿಲ್ಲ ಅಂತ ಎದೆ ತಟ್ಟಿ ಹೇಳಿದ.

ಮೇಡಂ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಕೈ ತೊಳೆದು, ಒಂದು ಫೋನ್ ಮಾಡಿ ಬರುತ್ತೇನೆ ಅಂತ ಜಗಲಿಗೆ ಹೋದರು. ಒಳಗೆ ಮೂವರೂ ಕಣ್ಣಲ್ಲೇ ಹಬ್ಬ ಮಾಡಿದರು. ಆರ್ಡರಿನ ಕಾಗದ ತಯಾರು ಮಾಡಿ ಅಂತ ಆಫೀಸಿಗೆ ಹೇಳುತ್ತಿರಬೇಕು ಅಂತ ತಾತ ಪಿಸುಗುಟ್ಟಿದರು. ದರ್ಜಿ ಕಿಟಕಿ ಪಕ್ಕದ ಜಾಗ ನೋಡಿದ. ಮಿಷನ್ ಅಲ್ಲಿಟ್ಟರೆ ಅವಳಿಗೆ ಬೆಳಕು ಎಡಗಡೆಯಿಂದ ಬೀಳುತ್ತದೆ ಅಂದುಕೊಂಡ, ಅವನ ಕಣ್ಣು ಮಂಜಾಯಿತು.

ಮೇಡಂ ವಾಪಸ್ ಬಂದು ಕೂತರು. ಅವರ ಮುಖದಲ್ಲಿ ಬೇಸರವಿತ್ತು.

"ಮಾಸ್ಟ್ರೇ, ನಾನು ಬಂದಿದ್ದೇ ಬೇರೆ ಮಾತಿಗೆ. ರಜಕ್ಕೆ ಮುಂಚೆ ತಂದೆತಾಯಿಯರ ಸಭೆ ಆಯ್ತು. ಯೂನಿಫಾರ್ಮ್ ಕಳೆದ ವರ್ಷದ ಹಾಗೇ ದೊಡ್ಡದಾಗಿ ಇರಲಿ, ಒಂದೇ ಜೊತೆ ಎರಡು ವರ್ಷ ಬರುತ್ತೆ ಅಂತ ಎಲ್ಲರದ್ದೂ ಒಂದೇ ಒತ್ತಾಯ. ನಾನೂ ಹೇಳಿದೆ, ಮಕ್ಕಳು ಬೆಳೀತಾರೆ ಅನ್ನೋದನ್ನ ತಿಳ್ಕೊಂಡಿರೋ ದರ್ಜಿ ಈ ಊರಲ್ಲಿ ಒಬ್ಬರೇ, ಅವರಿಗೇ ಕೊಡೋಣ ಅಂತ. ನಾಲ್ಕು ಬೆರಳನ್ನ ಈ ಸಲ ಐದು ಮಾಡಬಹುದಾ ಅಂತ ಕೇಳೋಕೆ ಬಂದೆ. ನೀವು ನೋಡಿದ್ರೆ ಗಿರಾಕಿ ಅರ್ಧ ಗಂಟೆ ಒದ್ದಾಡೋ ಹಾಗೆ ಹೊಲೀತಿದ್ದೀರಿ."

ಐದು ಬಿಡ್ತೀನಿ ಮೇಡಂ, ಆರು ಬೇಕಾದರೂ ಬಿಡ್ತೀನಿ ಅಂದ ದರ್ಜಿ. ಅಷ್ಟರಲ್ಲಿ ತಾತ ಅವನ ಹೆಗಲ ಮೇಲೆ 'ನಾನಿದ್ದೇನೆ' ಅನ್ನುವ ಹಾಗೆ ಕೈಯಿಟ್ಟು, ಇವನು ನಿಮ್ಮ ಮೇಲಿನ ಗೌರವಕ್ಕೆ ಹಾಗನ್ನುತ್ತಿದ್ದಾನೆ ಮೇಡಂ, ಒಂದು ಬೆರಳಿಗಿಂತ ಹೆಚ್ಚು ಬಿಡುವವನಲ್ಲ, ನಾನು ಸಾಕ್ಷಿ ಅಂದರು. ಕಿವಿ ಮಂದವಾದ್ದರಿಂದ ಅವರು ಮೇಡಂ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದರು.

"ನನಗೋಸ್ಕರ ನಿಮ್ಮ ನಿಯಮ ಬಿಡಬೇಡಿ," ಅಂದರು ಮೇಡಂ ಮೆಲ್ಲಗೆ. ಮುಂದಿನ ತಿರುವಿನ ದರ್ಜಿಗೆ ಈಗಷ್ಟೇ ಫೋನಿನಲ್ಲಿ ಮಾತು ಕೊಟ್ಟಾಯಿತು, ಅವನು ಗುಡಾರದ ಹಾಗೆ ಹೊಲಿಯುತ್ತಾನಂತೆ ಅಂದರು.

ದರ್ಜಿಗೆ ಇನ್ನು ತಡೆಯಲಾಗಲಿಲ್ಲ. ಎದ್ದವನೇ ಪರದೆಯನ್ನು ಸರಕ್ಕನೆ ಎಳೆದ. ಕೊಳಗ ಹಬೆಯ ನಡುವೆ ಹೊಟ್ಟೆ ಉಬ್ಬಿಸಿ ಕೂತಿತ್ತು.

"ನೋಡಿ ಮೇಡಂ, ಇದು ನಾನು. ನಾಲ್ಕು ಜನಕ್ಕೆ ಅಂತ ಮಾಡಿದ್ದು ಇಷ್ಟು. ಗಿಡವನ್ನ ಟಬ್ಬಿಗೆ ಹಾಕಿ ಕೊಳೆಸಿದವನೂ ನಾನೇ. ಅಳತೆಗೆ ಸರಿಯಾಗಿ ನಾನು ಜನ್ಮದಲ್ಲಿ ಏನೂ ಮಾಡಿಲ್ಲ, ಮುಂದೂ ಮಾಡಲ್ಲ."

ಮೇಡಂ ಎದ್ದು ಕೊಳಗದ ಸುತ್ತ ಒಂದು ಸುತ್ತು ಬಂದರು. ಸೌಟು ಕೇಳಿ ಪಡೆದು ತಳದ ತನಕ ಹಾಕಿ ನೋಡಿದರು. ಇಷ್ಟನ್ನೂ ಎಷ್ಟು ಹೊತ್ತಲ್ಲಿ ಮಾಡಿದಿರಿ ಅಂತ ಕೇಳಿದರು. ಒಂದೂ ಮುಕ್ಕಾಲು ಗಂಟೆ ಅಂದ ದರ್ಜಿ. ಮೇಡಂ ಮುಖ ಅರಳಿತು. ಕೊಟ್ಟ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ, ಯೂನಿಫಾರ್ಮ್ ಹೋಯಿತು ಅಂದುಕೊಳ್ಳಿ, ಆದರೆ ನಿಮ್ಮನ್ನು ಬರಿಗೈಯಲ್ಲಿ ಬಿಡುವುದಿಲ್ಲ ಅಂತ ಹೇಳಿ, ತಟ್ಟೆ ತೆಗೆದುಕೊಂಡು ಮತ್ತೆ ಊಟಕ್ಕೆ ಕೂತರು. ಉಣ್ಣುತ್ತಲೇ ಮಾತು ಮುಗಿಸಿದರು. ಆಮೇಲೆ ಗಿಡವನ್ನು ತಪ್ಪಲೆ ಸಮೇತ ಎದೆಗವಚಿಕೊಂಡು ಹೊರಟರು. ದರ್ಜಿ ಎಲ್ಲದಕ್ಕೂ ಹೂಂ ಅಂದಿದ್ದ.

ಮೂರು ಗಂಟೆಗೆ ಹೆಂಡತಿಯ ಫೋನು ಬಂತು. ಸಿಸ್ಟರ್ ಆಗ ಬೀದಿಯ ಮನೆಮನೆಗೂ ಅನ್ನ ಹಂಚಲು ಹೋಗಿದ್ದಳು, ತಾತ ಕೊಳಗದ ಬಾಯಿಗೆ ಟೇಪು ಹಿಡಿದು ಏನೋ ಲೆಕ್ಕ ಹಾಕುತ್ತಿದ್ದರು.

"ರೀ, ರಜ ಮುಗೀತಾ ಬಂತಲ್ಲ, ಮೇಡಂ ಬಂದಿದ್ರಾ?"

"ಬಂದಿದ್ರು."

"ಆರ್ಡರ್ ಸಿಕ್ತಾ?"

"ಸಿಕ್ತು."

ಅವಳು ಉಸಿರು ಬಿಟ್ಟಿದ್ದು ಇಲ್ಲಿಗೆ ಕೇಳಿಸಿತು. ಅಕ್ಕನನ್ನು ಕೂಗಿ ಸಿಹಿಸುದ್ದಿ ಹೇಳಿದಳು. ಅಲ್ಲಿ ಯಾರೋ ನಕ್ಕರು, ಎಳೆಮಗು ಎಚ್ಚರಗೊಂಡು ಅತ್ತಿತು.

"ಎಷ್ಟು ಮಕ್ಕಳದ್ದು?"

"ಮುನ್ನೂರು."

"ಅಬ್ಬ. ಇಬ್ಬರೂ ಹಗಲೂ ರಾತ್ರಿ ಕೂತರೂ ಕಷ್ಟ. ಯಾವತ್ತು ಕೊಡ್ಬೇಕಂತೆ?"

"ಶಾಲೆ ಶುರುವಾಗೋ ದಿನ. ಅಲ್ಲಿನ ಅಡುಗೆಯವನು ಕೈ ಮುರ್ಕೊಂಡಿದ್ದಾನಂತೆ," ಅಂದ ದರ್ಜಿ. "ಮಧ್ಯಾಹ್ನ ಒಂದು ಗಂಟೆಗೆ, ಬಿಸಿಬಿಸಿಯಾಗಿ ಕೊಡ್ಬೇಕಂತೆ."